ಹೆಂಚಿನ ಊರಿನಲ್ಲಿ ಎರಡು ದಿನ

ಕೊಯಿಲದ ಆ ಅಡಿಕೆ ಕೃಷಿಕರ ಮನೆಯ ಮಾಡಿನಲ್ಲಿ ಇವತ್ತಿಗೂ ಒಂದಷ್ಟು ಅಜ್ಜನ ಕಾಲದ ಹೆಂಚುಗಳಿವೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಅವನ್ನು ಒಂದೊಂದಾಗಿ ತೆಗೆದು, ಬೆರಳ ಗಂಟಿನಿಂದ ಬಡಿದು ನೋಡುವುದು ವಾಡಿಕೆ. 'ಟಣ್' ಎಂದರೆ ಮತ್ತೆ ಮಾಡಿಗೆ, 'ಟೊಪ್' ಎಂದರೆ ತೋಟದ ಬದುವಿಗೆ. ಟಣ್ ಎನ್ನುವ ಹಳೆಯ ಹೆಂಚುಗಳ ಮೇಲೆ 'ಬಾಸೆಲ್ ಮಿಶನ್' ಎಂಬ ಇಂಗ್ಲಿಷ್ ಅಕ್ಷರಗಳೂ 1865 ಎಂಬ ಇಸವಿಯೂ ಒತ್ತಿದಂತೆ ಮೂಡಿರುತ್ತವೆ. ಅದನ್ನು ಕಂಡು ತಮ್ಮ ಮನೆ ಅಷ್ಟು ಹಳತು ಎಂದು ಶಾಲೆಯಲ್ಲಿ ಹೇಳಿಕೊಳ್ಳುವ ಮಕ್ಕಳಿದ್ದಾರೆ. ಅದು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದ ಇಸವಿ. ಹೆಂಚು ಸುಟ್ಟ ಇಸವಿಯಲ್ಲ.

ಈ ಕೃಷಿಕರಿಗೆ ಐವತ್ತೈದು ದಾಟಿದ ಮೇಲೆ ಆ ಬಾಸೆಲನ್ನು ಕಣ್ಣಾರೆ ನೋಡುವ ಯೋಗ ಬಂತು. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯರೊಬ್ಬರಿದ್ದಾರೆ. ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗಳು ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅಪ್ಪನನ್ನು ಕರೆಸಿಕೊಂಡಳು. ಅಪ್ಪ ಒಬ್ಬನೇ ಬರಲು ಒಪ್ಪದೆ ಗೆಳೆಯನನ್ನೂ ಎಬ್ಬಿಸಿಕೊಂಡು ಹೊರಟರು. ಅಡಿಕೆಗೆ ಮೊದಲ ಮದ್ದು ಬಿಟ್ಟು ಮುಗಿಸಿ, ಜೂನ್ ತಿಂಗಳಲ್ಲಿ ಕೃಷಿಕರು ವಿಮಾನ ಹತ್ತಿದರು. (ಅಡಿಕೆ ಬೆಳೆಯುವವರಿಗೆ ಯುರೋಪಿನ ಊರಿನ ಹೆಸರು ಹೊಸತೇನಲ್ಲ. ಮೈಲುತುತ್ತು ಸುಣ್ಣ ಬೆರೆಸಿದ ಆ ಮದ್ದಿನ ಹೆಸರೇ ಬೋರ್ಡೋ. ಅದು ಫ್ರಾನ್ಸಿನ ಒಂದು ಪಟ್ಟಣ.)

ಹೊರಡುವ ಹೊತ್ತಿಗೆ ಮನೆಯಲ್ಲಿ ಒಂದು ಮಾತು ಅರ್ಧಕ್ಕೇ ನಿಂತಿತ್ತು. ಕೃಷಿಕರ ಮಗಳು ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು, ಸಿಇಟಿಯಲ್ಲೂ ತಕ್ಕಮಟ್ಟಿನ ರ‍್ಯಾಂಕು ಬಂದಿತ್ತು. ಅಪ್ಪ ಇಂಜಿನಿಯರಿಂಗ್ ಎನ್ನುತ್ತಾರೆ. ಅವಳು ಗಣಿತ ತೆಗೆದುಕೊಂಡು ಬಿಎಸ್ಸಿ ಮಾಡುತ್ತೇನೆ ಎನ್ನುತ್ತಾಳೆ. "ಬಿಎಸ್ಸಿ ಮಾಡಿ ಎಂತ ಮಾಡುವುದು?" ಎಂಬ ಪ್ರಶ್ನೆಗೆ ಹದಿನೇಳು ವರ್ಷದ ಹುಡುಗಿಯ ಬಳಿ ಅಪ್ಪನಿಗೆ ಒಪ್ಪಿಗೆಯಾಗುವ ಉತ್ತರವಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಜೂನ್ ತಿಂಗಳಲ್ಲಿ ಕೇಳಿಸುವ ಮಾತೇ ಇದು. "ನಾನು ಬಂದ ಮೇಲೆ ನೋಡುವ" ಎಂದು ಹೇಳಿ ಅಪ್ಪ ಹೊರಟಿದ್ದರು.

ಜೂರಿಕ್‌ನಿಂದ ಬಾಸೆಲಿಗೆ ರೈಲಿನಲ್ಲಿ ಒಂದು ಗಂಟೆ. ಗೆಳೆಯನ ಮಗಳಿಗೆ ರಜೆಯಿಲ್ಲದ ಕಾರಣ ಇಬ್ಬರನ್ನೇ ಕಳುಹಿಸಿದಳು. ಕೈಗೆ ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಟ್ಟಳು. ಒಂದು, ಮಿಶನ್ ಮನೆ. ಎರಡು, ಕೆಂಪು ಚರ್ಚು. ಮೂರು, ಮೋಟಾರಿಲ್ಲದ ದೋಣಿ. ನಾಲ್ಕು, ಚರ್ಚಿನ ಹಜಾರದಲ್ಲಿರುವ ಗಣಿತಜ್ಞನ ಕಲ್ಲು. ಕೆಳಗಿನ ಸುರುಳಿಯ ಫೋಟೋ ತೆಗೆಯಲೇಬೇಕು. ಹಿಂಬದಿಯಲ್ಲೂ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. "ಅದನ್ನು ರಾತ್ರಿ ಓದಿ" ಎಂದಿದ್ದಳು.

ಬಾಸೆಲ್ ಮೂರು ದೇಶಗಳು ಸೇರುವ ಕಡೆ ಇದೆ. ಊರು ಸ್ವಿಟ್ಜರ್‌ಲೆಂಡಿನದು, ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲಿ, ನದಿಯಾಚೆಯ ಒಂದು ರೈಲು ನಿಲ್ದಾಣ ಜರ್ಮನಿಯ ರೈಲ್ವೆಯದು. ಟ್ರಾಮಿನಲ್ಲಿ ಕೂತು ಹೊರದೇಶಕ್ಕೆ ಹೋಗಿ ತರಕಾರಿ ತರುವವರಿದ್ದಾರೆ. ಇನ್ನೊಂದು ತಮಾಷೆಯೆಂದರೆ, 1798ರ ವರೆಗೂ ಈ ಊರಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ಗಂಟೆ ಮುಂದಿದ್ದುವು.

ಮಿಶನ್ ಮನೆ ಇರುವುದು ಮಿಶನ್ ಬೀದಿಯ 21ನೆಯ ನಂಬ್ರದಲ್ಲಿ. ಉದ್ದನೆಯ, ಸಾದಾ ಕಟ್ಟಡ. ಸುತ್ತ ಮರಗಳ ತೋಟ. ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ. ಅದರ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ ಬಂತು, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಇವೆಲ್ಲ ಪಠ್ಯಪುಸ್ತಕದಲ್ಲಿ ಇರುವಂಥವೇ. ಮತಾಂತರಗೊಂಡವರು ಜಾತಿಯ ಕಸುಬನ್ನೂ ಮನೆಯವರ ಆಸರೆಯನ್ನೂ ಕಳೆದುಕೊಂಡಾಗ ಅವರಿಗೆ ಹೊಟ್ಟೆಪಾಡು ಬೇಕಾಯಿತು. ನೇಯ್ಗೆ, ಹೆಂಚು ಹುಟ್ಟಿಕೊಂಡದ್ದು ಆ ಕಾರಣಕ್ಕೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಅದನ್ನೆಲ್ಲ ವಶಪಡಿಸಿಕೊಂಡಿತು.

ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದಿತ್ತು. ಈ ಇಬ್ಬರಿಗಿಂತ ಬಹಳ ಮೊದಲೇ ನಮ್ಮ ಜಿಲ್ಲೆಯಿಂದ ಒಬ್ಬರು ಈ ಊರಿಗೆ ಬಂದಿದ್ದರು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ. 1844ರಲ್ಲಿ ಕ್ರೈಸ್ತರಾದ ಅವರು, ಎರಡು ವರ್ಷದ ಬಳಿಕ, ಕಾಯಿಲೆ ಬಿದ್ದು ಊರಿಗೆ ಮರಳುತ್ತಿದ್ದ ಮೋಗ್ಲಿಂಗರ ಜೊತೆ ಹೊರಟು ಇಲ್ಲಿ ಐದು ವರ್ಷ ಓದಿ 1851ರಲ್ಲಿ ಹಿಂತಿರುಗಿದರು. ಇಪ್ಪತ್ತರ ಆಸುಪಾಸಿನ ಹುಡುಗ, ಊರಿನಲ್ಲಿ ಮನೆಯವರ ಮಟ್ಟಿಗೆ ಸತ್ತಂತೆಯೇ. ಮಳೆ ಹನಿಯದ ಆ ತೋಟದ ಬೆಂಚಿನಲ್ಲಿ ಕೂತು ಕೃಷಿಕರು ಬಹಳ ಹೊತ್ತು ಅದನ್ನೇ ಯೋಚಿಸಿದರು. "ಐದು ವರ್ಷ ಊಟಕ್ಕೆ ಎಂತ ಮಾಡಿದ್ದಾನೋ ಮಾರಾಯ" ಎಂದರು ಗೆಳೆಯರು. ಅವರು ಬಂದಾಗಿನಿಂದ ಕುಚ್ಚಿಲಕ್ಕಿ ಗಂಜಿಯ ಕನಸು ಕಾಣುತ್ತಿದ್ದವರು.

ಆಮೇಲೆ ಇಬ್ಬರೂ ತಲೆಯೆತ್ತಿ ಊರಿನ ಮಾಡುಗಳನ್ನು ನೋಡುತ್ತಾ ನಡೆದರು. ಅಲ್ಲೊಂದು ನಿರಾಸೆ ಕಾದಿತ್ತು. ಬಾಸೆಲಿನ ಹಳೆಯ ಮನೆಗಳ ಮೇಲೆ 'ಬಾಸೆಲ್ ಹೆಂಚು' ಇಲ್ಲ! ಅಲ್ಲಿರುವುದು ಚಪ್ಪಟೆಯಾದ, ತುದಿ ದುಂಡಗಿನ ಸಣ್ಣ ಹೆಂಚು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೇರಿಕೊಂಡಿರುತ್ತದೆ. ನಮ್ಮದರಂತೆ ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವ ಹೆಂಚನ್ನು ರೂಪಿಸಿದವರು ಫ್ರಾನ್ಸಿನ ಜಿಲಾರ್ಡೋನಿ ಸಹೋದರರು, 1841ರಲ್ಲಿ, ಆಲ್ಟ್‌ಕಿರ್ಷ್ ಎಂಬ ಪಟ್ಟಣದಲ್ಲಿ. ಅದು ಬಾಸೆಲಿನಿಂದ ಸುಮಾರು 30 ಕಿ.ಮೀ. ದೂರ. ಅದೇ ಜಾತಿಯ ಹೆಂಚನ್ನು ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ನೇತ್ರಾವತಿಯ ಆವೆಮಣ್ಣಿನಿಂದ ಮಾಡಿಸಿದರು. ಅಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಹೇರು ಕಡಿಮೆ ಸಾಕು, ಮಾಡು ಹಗುರ, ಪಕ್ಕಾಸು ರೀಪುಗಳ ಮರವೂ ಉಳಿತಾಯ.

ಕೆಂಪು ಚರ್ಚು ಎಂದು ಚೀಟಿಯಲ್ಲಿದ್ದದ್ದು ಬಾಸೆಲಿನ ಮುನ್‌ಸ್ಟರ್. ರೈನ್ ನದಿಯ ಎತ್ತರದ ದಂಡೆಯಲ್ಲಿದೆ. ಕಟ್ಟಿರುವುದು ಕೆಂಪು ಮರಳುಗಲ್ಲಿನಿಂದ. ಗೆಳೆಯರು ಗೋಡೆ ಮುಟ್ಟಿ, "ನಮ್ಮ ಮುರಕಲ್ಲಿನ ಹಾಗೇ ಉಂಟಲ್ಲ" ಎಂದರು. ಬಣ್ಣದ ಮಟ್ಟಿಗೆ ಮಾತು ಸರಿ. ಎರಡಕ್ಕೂ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕು. ಆದರೆ ಹುಟ್ಟು ಬೇರೆ. ಮರಳುಗಲ್ಲು ಮರಳು ಕೂಡಿಬಿದ್ದು ಗಟ್ಟಿಯಾದದ್ದು. ಮುರಕಲ್ಲು ನಮ್ಮ ಬಿಸಿಲು ಮಳೆಗೆ ಬಂಡೆ ಶಿಥಿಲವಾಗಿ, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ ಅಲ್ಯೂಮಿನಿಯಂ ಉಳಿದು ಆದದ್ದು. 1356ರ ಭೂಕಂಪದಲ್ಲಿ ಈ ಚರ್ಚು ಬಿದ್ದು, ಮತ್ತೆ ಎದ್ದಿತು.

ಹಿಂಬದಿಯ ಕಟ್ಟೆಯಿಂದ ನೋಡಿದರೆ ಕೆಳಗೆ ರೈನ್. ದಡದಿಂದ ದಡಕ್ಕೆ ಸುಮಾರು 200 ಮೀಟರ್, ಹಸುರು ನೀರು, ಭಾರೀ ಸೆಳೆತ. ಮಳೆಯಿಲ್ಲದೆ ಹೊಳೆ ತುಂಬಿರುವುದು ಕೃಷಿಕರಿಗೆ ವಿಚಿತ್ರವಾಗಿ ಕಂಡಿತು. ನಮ್ಮ ಕುಮಾರಧಾರೆ ಮೇ ತಿಂಗಳಲ್ಲಿ ಬಂಡೆ ತೋರಿಸುತ್ತದೆ, ಜುಲೈಯಲ್ಲಿ ಉಪ್ಪಿನಂಗಡಿಯ ಸಂಗಮಕ್ಕೆ ನುಗ್ಗುತ್ತದೆ. ರೈನ್ ನದಿಗೆ ಆಲ್ಪ್ಸ್ ಪರ್ವತದ ಹಿಮವೇ ಕೆರೆ. ಚಳಿಗಾಲದಲ್ಲಿ ಬಿದ್ದದ್ದು ಬೇಸಿಗೆಯಲ್ಲಿ ಕರಗಿ ಬರುತ್ತದೆ. ಆದ್ದರಿಂದ ಬಾಸೆಲಿನಲ್ಲಿ ಜೂನ್ ತಿಂಗಳೇ ತುಂಬುಹೊಳೆ. ಸಂಜೆ ಕಚೇರಿ ಬಿಟ್ಟವರು ಬಟ್ಟೆಯನ್ನು ನೀರು ಹೊಗದ, ಮೀನಿನ ಆಕಾರದ ಚೀಲಕ್ಕೆ ತುರುಕಿ, ಅದನ್ನು ಹಿಡಿದು ಪ್ರವಾಹದಲ್ಲಿ ತೇಲುತ್ತಾ ಮನೆಗೆ ಹೋಗುತ್ತಿದ್ದರು. "ನಮ್ಮ ಫಾರ್ಮಿನ ಸಾಹೇಬರು ಹೀಗೆ ಬಂದಿದ್ದರೆ ಹೇಗಿರುತ್ತಿತ್ತು!" ಎಂದು ಗೆಳೆಯರು ನಕ್ಕರು.

ಅಲ್ಲಿಂದ ಮೆಟ್ಟಿಲಿಳಿದರೆ ದೋಣಿ. ಚೀಟಿಯಲ್ಲಿ ಮೋಟಾರಿಲ್ಲ ಎಂದಿದ್ದರೂ ಇಬ್ಬರೂ ನಂಬಿರಲಿಲ್ಲ. ದೋಣಿಗೆ ಹುಟ್ಟೂ ಇಲ್ಲ, ಗಳವೂ ಇಲ್ಲ. ಒಬ್ಬ ಅಂಬಿಗ, ಒಂದು ಮರದ ಹಿಡಿಕೆ, ಅಷ್ಟೇ. ಶುಲ್ಕ ಸುಮಾರು 2 ಫ್ರಾಂಕ್, ನಮ್ಮ 200 ರೂಪಾಯಿಗೂ ಮೇಲೆ. ದೋಣಿ ಸದ್ದಿಲ್ಲದೆ ದಡ ಬಿಟ್ಟು, ಪ್ರವಾಹಕ್ಕೆ ಅಡ್ಡವಾಗಿ, ಯಾರೋ ಎಳೆದಂತೆ ಆಚೆ ದಡಕ್ಕೆ ಸಾಗಿತು.

"ಎಳೆಯುವುದು ಯಾರು ಮಾರಾಯ?" ಎಂದರು ಗೆಳೆಯರು.

ಎಳೆಯುವುದು ಹೊಳೆಯೇ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಒಂದು ಉಕ್ಕಿನ ಹಗ್ಗ ಬಿಗಿದಿದೆ. ಅದರ ಮೇಲೆ ಓಡುವ ರಾಟೆಯಿಂದ ಇನ್ನೊಂದು ಹಗ್ಗ ಇಳಿದು ದೋಣಿಗೆ ಕಟ್ಟಿದೆ. ಅಂಬಿಗ ಹಿಡಿಕೆ ತಿರುಗಿಸಿದಾಗ ಈ ಹಗ್ಗದ ಹಿಡಿತ ದೋಣಿಯ ಒಂದು ಬದಿಗೆ ಸರಿಯುತ್ತದೆ. ದೋಣಿ ಪ್ರವಾಹಕ್ಕೆ ಓರೆಯಾಗುತ್ತದೆ. ಓರೆಯಾದ ಬದಿಗೆ ನೀರು ಬಡಿದಾಗ ಆ ಬಲವನ್ನು ಎರಡಾಗಿ ಬಿಡಿಸಬಹುದು. ಒಂದು ಕೆಳಕ್ಕೆ ಒಯ್ಯುವುದು, ಇನ್ನೊಂದು ಅಡ್ಡಕ್ಕೆ ತಳ್ಳುವುದು. ಮೊದಲನೆಯದನ್ನು ಹಗ್ಗ ತಡೆದುಕೊಳ್ಳುತ್ತದೆ, ಉಳಿದದ್ದು ದೋಣಿಯನ್ನು ದಾಟಿಸುತ್ತದೆ. ಹಿಂದಿರುಗುವಾಗ ಹಿಡಿಕೆ ಇನ್ನೊಂದು ಬದಿಗೆ. ದಾರ ಕಟ್ಟಿದ ಗಾಳಿಪಟ ಗಾಳಿಗೆ ಓರೆಯಾಗಿ ನಿಂತು ಮೇಲೇರುವುದೂ ಇದೇ ರೀತಿ. ಪಿಯುಸಿ ಮಕ್ಕಳು 'ಸದಿಶಗಳ ವಿಭಜನೆ' ಎಂದು ಬಾಯಿಪಾಠ ಮಾಡುವ ಪಾಠವನ್ನು ಬಾಸೆಲಿನ ಅಂಬಿಗರು 1854ರಿಂದ ದಿನವೂ ಮಾಡಿ ತೋರಿಸುತ್ತಿದ್ದಾರೆ. ಒಂದು ಲೀಟರ್ ಡೀಸೆಲ್ ಸುಡದೆ.

ಕೃಷಿಕರಿಗೆ ಶಾಂತಿಮೊಗರಿನ ಹಳೆಯ ಕಡವು ನೆನಪಾಯಿತು. ಸೇತುವೆ ಆಗುವ ಮುಂಚೆ ಅಲ್ಲಿ ದೋಣಿಯಲ್ಲೇ ಹೊಳೆ ದಾಟಬೇಕಿತ್ತು. ಅಲ್ಲಿ ಈ ಉಪಾಯ ನಡೆಯುತ್ತಿತ್ತೇ? ಕಷ್ಟ. ಬೇಸಿಗೆಯಲ್ಲಿ ದೋಣಿ ತಳ್ಳುವಷ್ಟು ಹರಿವಿಲ್ಲ. ಮಳೆಗಾಲದಲ್ಲಿ ಹೊಳೆ ದಿನಕ್ಕೊಂದು ಮಟ್ಟ, ಜೊತೆಗೆ ಬುಡಸಮೇತ ಮರಗಳು ಬರುತ್ತವೆ. ಆದರೂ ಕೃಷಿಕರು ಅದೇ ದೋಣಿಯಲ್ಲಿ ಮೂರು ಸಲ ಆಚೆ ಈಚೆ ಹೋಗಿ ಬಂದರು. 200 ರೂಪಾಯಿಯ ಲೆಕ್ಕ ಆಗ ನೆನಪಾಗಲಿಲ್ಲ.

ಆಚೆ ದಡದಲ್ಲಿ ನಿಂತು ನೋಡಿದರೆ ದೂರದಲ್ಲಿ ಔಷಧ ಕಂಪೆನಿಗಳ ಎತ್ತರದ ಕಟ್ಟಡಗಳು. ರೇಶ್ಮೆ ಪಟ್ಟಿ ನೇಯುವ ಊರಿಗೆ ಬಣ್ಣ ಬೇಕಾಯಿತು, 1859ರ ವೇಳೆಗೆ ಕೃತಕ ಬಣ್ಣ ತಯಾರಾಯಿತು, ಬಣ್ಣದ ರಸಾಯನಶಾಸ್ತ್ರದಿಂದ ಔಷಧವೂ ಕೀಟನಾಶಕವೂ ಬಂದುವು. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಕೊಂಡ ಪಾಲ್ ಮ್ಯೂಲರ್ ಈ ಊರಿನ ಕಂಪೆನಿಯವರು. 1948ರಲ್ಲಿ ನೊಬೆಲ್ ಪಡೆದರು. ಮಲೇರಿಯಾದವರು ಮನೆಮನೆಗೆ ಬಂದು ಡಿಡಿಟಿ ಹೊಡೆದು ಗೋಡೆಯಲ್ಲಿ ತಾರೀಕು ಬರೆದು ಹೋಗುತ್ತಿದ್ದದ್ದು ನಮ್ಮ ಹಿರಿಯರಿಗೆ ನೆನಪಿದೆ. 1986ರ ನವೆಂಬರ್ 1ರಂದು, ಇಲ್ಲೇ ಮೇಲ್ಭಾಗದ ಒಂದು ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನೊಂದಿಗೆ ಟನ್ನುಗಟ್ಟಲೆ ಕೀಟನಾಶಕ ನದಿ ಸೇರಿತು, ರೈನ್ ಕೆಂಪಾಯಿತು, ನೂರಾರು ಕಿಲೋಮೀಟರ್ ಉದ್ದಕ್ಕೆ ಹಾವುಮೀನುಗಳು ಸತ್ತು ತೇಲಿದುವು.

ಗೆಳೆಯರು ಇದನ್ನು ಕೇಳಿ ಸುಮ್ಮನಾದರು. ಕೊಯಿಲ, ಕೊಕ್ಕಡದ ಕಡೆಯವರಿಗೆ ಇಂಥ ಮಾತು ಬರೀ ಸುದ್ದಿಯಲ್ಲ. 2000ದ ವರೆಗೆ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಫಲವನ್ನು ಉಣ್ಣುತ್ತಿರುವ ಮನೆಗಳು ಅಲ್ಲಿವೆ. ಎಂಡೋಸಲ್ಫಾನ್ ಬಾಸೆಲಿನದಲ್ಲ, ಜರ್ಮನಿಯ ಕಂಪೆನಿಯೊಂದರದು. 1969ರಲ್ಲಿ ಇದೇ ರೈನ್ ನದಿಯ ಕೆಳಭಾಗದಲ್ಲಿ ಅಪಾರ ಮೀನು ಸತ್ತಾಗ ಕಾರಣ ಎಂಡೋಸಲ್ಫಾನ್ ಎಂದು ಪತ್ತೆಯಾಗಿತ್ತು. ಅದರ ಸುಪ್ರೀಂ ಕೋರ್ಟ್ ನಿಷೇಧ ನಮ್ಮಲ್ಲಿ ಬಂದದ್ದು 2011ರಲ್ಲಿ. ನಡುವಿನ ವರ್ಷಗಳನ್ನು ಮಕ್ಕಳೇ ಲೆಕ್ಕ ಹಾಕಲಿ.

ರಾತ್ರಿ ಹೋಟೆಲಿನ ಕೋಣೆಯಲ್ಲಿ ಕಟ್ಟಿ ತಂದ ಅವಲಕ್ಕಿ ತಿಂದು, ಕೃಷಿಕರು ಕನ್ನಡಕ ಏರಿಸಿ ಚೀಟಿಯ ಹಿಂಬದಿ ಓದಿದರು. ಅದು ಬರ್ನೌಲಿ ಮನೆತನದ ಕಥೆ.

ಬಾಸೆಲಿನ ನಿಕೋಲಸ್ ಬರ್ನೌಲಿ ಸಾಂಬಾರ ಪದಾರ್ಥಗಳ ವ್ಯಾಪಾರಿ. (ಅವರ ಅಂಗಡಿಯಲ್ಲಿ ನಮ್ಮ ಕರಾವಳಿಯ ಕಾಳುಮೆಣಸೂ ಇದ್ದಿರಬಹುದು.) ಹಿರಿಯ ಮಗ ಜೇಕಬ್ ಪಾದ್ರಿಯಾಗಲಿ ಎಂದು ತಂದೆಯ ಆಸೆ. ಮಗ ದೈವಶಾಸ್ತ್ರದ ಪದವಿಯನ್ನು ಮುಗಿಸಿಕೊಟ್ಟು, ಒಳಗೊಳಗೇ ಗಣಿತ ಖಗೋಳ ಓದಿದ. ತಂದೆಗೆ ಬೇಡವಾದರೂ ನಾನು ನಕ್ಷತ್ರಗಳನ್ನು ಓದುತ್ತೇನೆ ಎಂಬ ಅರ್ಥದ ಮಾತನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡ. 1687ರಲ್ಲಿ ಇಲ್ಲಿಯೇ ಗಣಿತದ ಪ್ರಾಧ್ಯಾಪಕನಾದ. ಕಿರಿಯ ಮಗ ಯೋಹಾನನನ್ನು ತಂದೆ ವ್ಯಾಪಾರಕ್ಕೆ ಹಾಕಿದರು, ಅದು ಆಗಲಿಲ್ಲ. ವೈದ್ಯಕೀಯಕ್ಕೆ ಹಾಕಿದರು. ಅವನೂ ಅಣ್ಣನಿಂದ ಗಣಿತ ಕಲಿತು, ಅಣ್ಣ 1705ರಲ್ಲಿ ತೀರಿಕೊಂಡಾಗ ಅದೇ ಪೀಠಕ್ಕೆ ಬಂದ. ಇಷ್ಟೆಲ್ಲ ಅನುಭವಿಸಿದ ಯೋಹಾನ್ ತನ್ನ ಮಗ ಡೇನಿಯಲ್‌ಗೆ ಏನು ಮಾಡಿದ? "ಗಣಿತದಲ್ಲಿ ದುಡ್ಡಿಲ್ಲ, ವ್ಯಾಪಾರ ಕಲಿ" ಎಂಬ ಅದೇ ಹಳೆಯ ಹಾದಿಗೇ ತಳ್ಳಿದ! ಅದಾಗದಿದ್ದಾಗ ವೈದ್ಯಕೀಯ ಓದಿಸಿದ. ಮಗನಿಗೆ ಹೆಸರು ಬಂದಾಗ ಅಪ್ಪನಿಗೆ ಹೊಟ್ಟೆಕಿಚ್ಚೂ ಆಯಿತು. ಪ್ಯಾರಿಸಿನ ಅಕಾಡೆಮಿ 1734ರ ಬಹುಮಾನವನ್ನು ಅಪ್ಪ ಮಗನಿಗೆ ಹಂಚಿ ಕೊಟ್ಟದ್ದನ್ನು ಅಪ್ಪ ಸಹಿಸಲಿಲ್ಲ.

ಆದರೆ ಇದೇ ಯೋಹಾನ್ ಬೇರೆಯವರ ಮಗನ ವಿಷಯದಲ್ಲಿ ಬೇರೆ ಮನುಷ್ಯ. ಪಕ್ಕದ ರೀಹೆನ್ ಎಂಬಲ್ಲಿ ಪಾದ್ರಿಯೊಬ್ಬರ ಮಗ ಹದಿಮೂರು ವರ್ಷಕ್ಕೇ ವಿಶ್ವವಿದ್ಯಾಲಯಕ್ಕೆ ಬಂದ. ಪ್ರತಿ ಶನಿವಾರ ಮಧ್ಯಾಹ್ನ ತನಗೆ ತಿಳಿಯದ್ದನ್ನು ಯೋಹಾನ್‌ನ ಮನೆಗೆ ಹೋಗಿ ಕೇಳುತ್ತಿದ್ದ. ಮಗ ತನ್ನಂತೆ ಪಾದ್ರಿಯಾಗಬೇಕೆಂದಿದ್ದ ತಂದೆಯ ಮನ ಒಲಿಸಿದ್ದು ಯೋಹಾನನೇ. ಆ ಹುಡುಗ ಲಿಯೋನಾರ್ಡ್ ಆಯ್ಲರ್. 1727ರಲ್ಲಿ ಇಪ್ಪತ್ತು ತುಂಬುವ ಮೊದಲೇ ಇದೇ ರೈನ್ ನದಿಯಲ್ಲಿ ದೋಣಿ ಹತ್ತಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೊರಟವನು ಬಾಸೆಲಿಗೆ ಮತ್ತೆ ಬರಲೇ ಇಲ್ಲ.

"ನಿನ್ನ ಮಗಳು ಸುಮ್ಮನೆ ಬರೆದದ್ದಲ್ಲ ಇದು" ಎಂದರು ಕೃಷಿಕರು, ಚೀಟಿ ಮಡಚುತ್ತಾ. "ನಿನ್ನ ಮಗಳೂ ನನ್ನ ಮಗಳೂ ದಿನಾ ಫೋನಿನಲ್ಲಿ ಮಾತಾಡುವುದು ನನಗೆ ಗೊತ್ತಿಲ್ಲವಾ?" ಎಂದು ಗೆಳೆಯರು ಮಗ್ಗುಲು ತಿರುಗಿದರು.

ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ 'ಹೈಡ್ರೊಡೈನಾಮಿಕಾ' ಗ್ರಂಥದಿಂದ ಬಂದ ತತ್ತ್ವ ಎಲ್ಲರಿಗೂ ಗೊತ್ತು: ಹರಿಯುವ ದ್ರವದ ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಇದು ಹೆಂಚಿನ ಮಾಡಿಗೂ ಸಂಬಂಧಿಸಿದ್ದು. ಮೇ ತಿಂಗಳ ಗಾಳಿಮಳೆಗೆ ಹೆಂಚು ಹಾರುವುದು ಗಾಳಿ ಕೆಳಗಿನಿಂದ ಎತ್ತಿದ್ದರಿಂದ ಎಂದೇ ಹೆಚ್ಚಿನವರ ಎಣಿಕೆ. ಮಾಡಿನ ಮೇಲೆ ಗಾಳಿ ರಭಸದಿಂದ ಹಾದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಮನೆಯೊಳಗಿನ ನಿಂತ ಗಾಳಿ ಹೆಂಚನ್ನು ಮೇಲಕ್ಕೆ ದೂಡುತ್ತದೆ. ಗಾಳಿ ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ, ಲೆಕ್ಕದ ಪ್ರಕಾರ, ಚದರ ಮೀಟರಿಗೆ 45ರಿಂದ 50 ಕೆ.ಜಿ. ತೂಕದಷ್ಟು ಬಲ ಬರಬಹುದು. ಚದರ ಮೀಟರಿಗೆ ಕೂರುವ ಹೆಂಚು ಸುಮಾರು 15, ಒಂದರ ತೂಕ ಎರಡೂವರೆ ಕೆ.ಜಿ.ಯ ಮೇಲೆ. ಒಟ್ಟು 40 ಕೆ.ಜಿ. ಆಸುಪಾಸು! ಆದರೂ ಎಲ್ಲ ಹಾರುವುದಿಲ್ಲ. ಹೆಂಚುಗಳ ಸಂದಿನಿಂದ ಗಾಳಿ ನುಸುಳಿ ಒತ್ತಡ ಸಮವಾಗುತ್ತದೆ; ಅಂಚಿನವು ಮಾತ್ರ ಮೊದಲು ಏಳುತ್ತವೆ. ಸಂದಿಲ್ಲದ ಶೀಟು ಏಳುವಾಗ ಇಡಿಯಾಗಿ ಏಳುತ್ತದೆ.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಬ್ಬರೂ ಮುನ್‌ಸ್ಟರಿನ ಹಜಾರದಲ್ಲಿ ಜೇಕಬ್ ಬರ್ನೌಲಿಯ ಸ್ಮಾರಕ ಶಿಲೆಯ ಮುಂದೆ ನಿಂತಿದ್ದರು. ಕಲ್ಲಿನ ತುಂಬ ಲ್ಯಾಟಿನ್. ಕೆಳಗೆ ದುಂಡಗಿನ ಒಂದು ಸುರುಳಿ, ಅದರ ಸುತ್ತ ಮೂರು ಪದ: ಬದಲಾದರೂ ಅದೇ ನಾನಾಗಿ ಮತ್ತೆ ಏಳುತ್ತೇನೆ ಎಂದು ಅರ್ಥವಂತೆ. ಕೃಷಿಕರು ಫೋಟೋ ತೆಗೆದು, ಏನೂ ಬರೆಯದೆ, ಊರಿಗೆ ಮಗಳಿಗೆ ಕಳುಹಿಸಿದರು. ಕೊಯಿಲದಲ್ಲಿ ಆಗ ಮಧ್ಯಾಹ್ನ ಎರಡೂವರೆ. ಉತ್ತರ ಐದು ನಿಮಿಷದೊಳಗೆ ಬಂತು.

"ಅಪ್ಪಾ, ಈ ಸುರುಳಿ ತಪ್ಪು. ಸುತ್ತುಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಉಂಟು ನೋಡಿ. ಸೊಳ್ಳೆಬತ್ತಿಯ ಹಾಗೆ. ಅವರಿಗೆ ಬೇಕಿದ್ದದ್ದು ಹೊರಗೆ ಬಂದ ಹಾಗೆ ಅಂತರ ಒಂದೇ ಅನುಪಾತದಲ್ಲಿ ದೊಡ್ಡದಾಗುವ ಸುರುಳಿ, ಬಸವನಹುಳದ ಚಿಪ್ಪಿನ ಹಾಗೆ. ಅದನ್ನು ಎಷ್ಟು ಹಿಗ್ಗಿಸಿದರೂ ಆಕಾರ ಅದೇ. ಕಲ್ಲು ಕೆತ್ತಿದವರಿಗೆ ಗೊತ್ತಾಗಲಿಲ್ಲ."

ಕೃಷಿಕರು ಬಗ್ಗಿ, ಕಲ್ಲಿನ ಬಳಿ ಬೆರಳಿಟ್ಟು ಅಂತರ ಅಳೆದು ನೋಡಿದರು. ಒಳಗಿನ ಸುತ್ತು, ಮಧ್ಯದ ಸುತ್ತು, ಹೊರಗಿನ ಸುತ್ತು. ಹೌದು, ಒಂದೇ. ಮುನ್ನೂರು ವರ್ಷದಿಂದ ಎಲ್ಲರೂ ನೋಡುತ್ತಿರುವ ಕಲ್ಲು.

"ಎಂತ ಹೇಳ್ತಾಳೆ?" ಎಂದರು ಗೆಳೆಯರು.

"ತಪ್ಪು ಕೆತ್ತಿದ್ದಾರಂತೆ."

"ಇಲ್ಲಿ ನಿಂತ ನಮಗೆ ಕಾಣಲಿಲ್ಲ, ಆತೂರಿನಾಚೆ ಕೂತವಳಿಗೆ ಕಂಡಿತಾ!"

ಕೃಷಿಕರು ಅದಕ್ಕೆ ಉತ್ತರ ಕೊಡಲಿಲ್ಲ. ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಮತ್ತೊಮ್ಮೆ ಮೆಟ್ಟಿಲಿಳಿದು ದೋಣಿಗೆ ಹೋದರು. ಅಂಬಿಗ ಹಿಡಿಕೆ ತಿರುಗಿಸಿದ, ದೋಣಿ ಓರೆಯಾಯಿತು. ನಡುಹೊಳೆಯಲ್ಲಿ ಕೃಷಿಕರು ಫೋನು ತೆಗೆದು, ಒಂದೊಂದೇ ಅಕ್ಷರ ಒತ್ತಿ ಬರೆದರು: "ಡಿಗ್ರಿ ಕಾಲೇಜಿನ ಅರ್ಜಿಗೆ ಕೊನೆಯ ದಿನ ಯಾವಾಗ? ಅಮ್ಮನ ಹತ್ತಿರ ಮಾರ್ಕ್ಸ್‌ಕಾರ್ಡಿನ ಜೆರಾಕ್ಸ್ ಮಾಡಿಸಿ ಇಡಲು ಹೇಳು."